ಎಂಟು ಜಾಗ, ಹತ್ತು ಗಂಟೆ: ಬಂಡೆಯ ಮುಂದೆ ನಿಲ್ಲಲು ಸಿಗುವುದು ಎಷ್ಟು ನಿಮಿಷ?

ಪ್ರಶ್ನೆ: ಮುಂದಿನ ತಿಂಗಳು ಪ್ರವಾಸಕ್ಕೆ ಹೋಗುತ್ತಿದ್ದೇವೆ. ಅದರಲ್ಲಿ ಒಂದು ದಿನವನ್ನು ಕಲ್ಲಿನ ಕಮಾನು, ಬಂಡೆಯ ಕಂಬಗಳನ್ನು ನೋಡಲು ಇಟ್ಟುಕೊಂಡಿದ್ದೇವೆ. ಗೈಡ್ ಇರುವ ಸಣ್ಣ ಗುಂಪಿನ ಟೂರ್ ಒಂದು ಕಣ್ಣಿಗೆ ಬಿತ್ತು. ಹನ್ನೆರಡು ಜನ, ಒಂದು ವ್ಯಾನ್, ಹತ್ತು ಗಂಟೆಯಲ್ಲಿ ಎಂಟು ಜಾಗ. ಜೊತೆಗೆ 66 ವರ್ಷದ ಅಮ್ಮ ಇರುತ್ತಾರೆ, ಅವರಿಗೆ ಮಂಡಿನೋವು. ಒಂಬತ್ತು ವರ್ಷದ ಮಗಳೂ ಇರುತ್ತಾಳೆ. ಈ ಟೂರ್ ತೆಗೆದುಕೊಳ್ಳಬಹುದಾ, ಇಲ್ಲ ನಾವೇ ಕಾರು ಮಾಡಿಕೊಂಡು ಹೋಗುವುದು ಒಳ್ಳೆಯದಾ? ಗೈಡ್ ಇದ್ದರೆ ಏನು ಜಾಸ್ತಿ ಸಿಗುತ್ತದೆ? ಎಷ್ಟೆಂದರೂ ಅಲ್ಲಿರೋದು ಕಲ್ಲೇ ಅಲ್ವಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದದ್ದು ಕೊನೆಯ ಸಾಲು. ಅಲ್ಲಿರೋದು ಕಲ್ಲೇ, ನಿಜ. ಭೂವಿಜ್ಞಾನ ಓದಿ, ಆಮೇಲೆ ವರ್ಷಗಟ್ಟಲೆ ಜನರನ್ನು ಕಲ್ಲು ತೋರಿಸಲು ಕರೆದುಕೊಂಡು ಹೋದವನು ನಾನು. ಈ ಮಾತನ್ನು ಸಿಟ್ಟಿನಲ್ಲಿ ಕೇಳಿದ್ದೇನೆ, ನಗುವಿನಲ್ಲಿ ಕೇಳಿದ್ದೇನೆ, ಬೇಸರದಲ್ಲೂ ಕೇಳಿದ್ದೇನೆ. ಬೇಸರದಲ್ಲಿ ಕೇಳಿದ್ದು ನನ್ನದೇ ತಪ್ಪಿನಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ. ಹತ್ತು ಗಂಟೆ ಅಂದರೆ 600 ನಿಮಿಷ. ಬೆಳಗ್ಗೆ ನಾಲ್ಕೈದು ಹೋಟೆಲುಗಳ ಬಾಗಿಲಿಗೆ ಹೋಗಿ ಜನರನ್ನು ಹತ್ತಿಸಿಕೊಳ್ಳಬೇಕು, ಸಂಜೆ ಮತ್ತೆ ಇಳಿಸಬೇಕು. ಅದಕ್ಕೆ 40 ನಿಮಿಷ ಹಿಡಿಯಿರಿ. ಊಟಕ್ಕೆ 45. ಎಂಟು ಜಾಗಗಳ ನಡುವಿನ ಓಡಾಟಕ್ಕೆ ಕಡಿಮೆ ಅಂದರೂ ನಾಲ್ಕು ಗಂಟೆ, ಅಂದರೆ 240. ಉಳಿದದ್ದು 275. ಹನ್ನೆರಡು ಜನ ವ್ಯಾನ್ ಇಳಿದು, ಶೌಚಾಲಯ ಹುಡುಕಿ, ಮತ್ತೆ ಹತ್ತಿ ಕೂರುವಷ್ಟರಲ್ಲಿ ಪ್ರತಿ ಜಾಗದಲ್ಲೂ ಹತ್ತು ನಿಮಿಷ ಹೋಗುತ್ತದೆ. ಎಂಟು ಜಾಗಕ್ಕೆ 80. ಈಗ ಕೈಯಲ್ಲಿರುವುದು 195 ನಿಮಿಷ. ಎಂಟರಿಂದ ಭಾಗಿಸಿದರೆ ಒಂದು ಜಾಗಕ್ಕೆ ಇಪ್ಪತ್ನಾಲ್ಕು ನಿಮಿಷ ಸಿಗುತ್ತದೆ. ಅದರಲ್ಲೇ ನಿಲ್ಲಿಸಿದ ಜಾಗದಿಂದ ಬಂಡೆಯವರೆಗೆ ನಡೆಯಬೇಕು, ವಾಪಸ್ ಬರಬೇಕು, ಫೋಟೊ ತೆಗೆಯಬೇಕು. ಮಂಡಿನೋವಿರುವ ನಿಮ್ಮ ಅಮ್ಮ ಬಂಡೆಯ ಹತ್ತಿರ ತಲುಪುವ ಹೊತ್ತಿಗೆ ಉಳಿದವರು ಹೊರಟು ನಿಂತಿರುತ್ತಾರೆ.

ಹಾಗಾಗಿ ಯಾವುದೇ ಟೂರಿನ ಜಾಹೀರಾತು ನೋಡಿದರೂ ಜಾಗಗಳನ್ನು ಎಣಿಸಬೇಡಿ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ವ್ಯಾನಿನಿಂದ ಇಳಿದು ಬಂಡೆಯ ಹತ್ತಿರ ಒಟ್ಟು ಎಷ್ಟು ಹೊತ್ತು ಇರುತ್ತೇವೆ?" ಸರಿಯಾಗಿ ನಡೆಸುವವರು ಜಾಗಕ್ಕೆ ಇಷ್ಟಿಷ್ಟು ಅಂತ ಥಟ್ಟನೆ ಹೇಳುತ್ತಾರೆ. "ಎಲ್ಲಾ ಆರಾಮಾಗಿ ನೋಡಬಹುದು ಸಾರ್" ಅಂದರೆ ಫೋನ್ ಇಟ್ಟುಬಿಡಿ.

ಈಗ ನನ್ನ ತಪ್ಪಿನ ಕಥೆ. ಗುಂಪು ಕರೆದುಕೊಂಡು ಹೋಗಲು ಶುರು ಮಾಡಿದ ಹೊಸದರಲ್ಲಿ ಜನಕ್ಕೆ ಎಲ್ಲವನ್ನೂ ತೋರಿಸಿಬಿಡಬೇಕು ಅನ್ನೋ ಆಸೆ ನನಗೆ. ಒಂದು ದಿನಕ್ಕೆ ಏಳು ಜಾಗ ತುರುಕಿದ್ದೆ. ಏಳನೆಯದು ನನ್ನ ಅಚ್ಚುಮೆಚ್ಚಿನದು, ಕೊನೆಗೆ ಅಂತ ಉಳಿಸಿಕೊಂಡಿದ್ದೆ. ಅಲ್ಲಿಗೆ ಬಂದಾಗ ಒಬ್ಬ ಹಿರಿಯರು ಸೀಟಿನಿಂದ ಏಳಲೇ ಇಲ್ಲ. "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ. ಎಲ್ಲಾ ಕಲ್ಲೂ ಒಂದೇ ಥರ" ಅಂದರು. ಬೆಳಗ್ಗೆ ಮೊದಲ ಜಾಗದಲ್ಲಿ ಅತಿ ಹೆಚ್ಚು ಪ್ರಶ್ನೆ ಕೇಳಿದ್ದವರು ಅವರೇ. ಅವತ್ತಿನಿಂದ ನನ್ನ ಪಟ್ಟಿ ಮೂರಕ್ಕೆ ಇಳಿಯಿತು.

ಗೈಡ್ ಏನು ಜಾಸ್ತಿ ಕೊಡುತ್ತಾರೆ ಅಂತ ಕೇಳಿದ್ದೀರಿ. ಅದು ಎಂಥ ಗೈಡ್ ಅನ್ನುವುದರ ಮೇಲೆ ನಿಂತಿದೆ. "ಇದು ಆನೆ ಥರ ಕಾಣುತ್ತೆ ನೋಡಿ, ಅದು ಒಂಟೆ, ಅಗೋ ಅಲ್ಲಿ ಮಲಗಿರೋ ಹೆಂಗಸು" ಅಂತ ದಿನಪೂರ್ತಿ ಕೈ ತೋರಿಸುತ್ತಾ ಹೋಗುವವರಿದ್ದಾರೆ. ಮಕ್ಕಳಿಗೆ ಮೊದಲೆರಡು ಬಂಡೆಗೆ ಖುಷಿಯಾಗುತ್ತದೆ. ಐದನೆಯ ಆನೆಯ ಹೊತ್ತಿಗೆ ಮಕ್ಕಳೂ ಮೊಬೈಲ್ ತೆಗೆಯುತ್ತಾರೆ. ನನ್ನ ಪ್ರಕಾರ ಒಳ್ಳೆಯ ಗೈಡ್ ಮೂರು ವಿಷಯ ಹೇಳಬಲ್ಲವರು: ಇದು ಹೇಗೆ ಹುಟ್ಟಿತು, ಸುತ್ತಲಿನದೆಲ್ಲ ಸವೆದುಹೋದರೂ ಇದೊಂದು ಯಾಕೆ ಉಳಿಯಿತು, ಮುಂದೆ ಹೇಗೆ ಬೀಳುತ್ತದೆ.

ಹುಟ್ಟಿನ ಮಾತು ತೆಗೆದುಕೊಳ್ಳಿ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿ ಸಮುದ್ರದ ಅಂಚಿಗೆ ಸುಮಾರು 40,000 ಕಲ್ಲಿನ ಕಂಬಗಳಿವೆ. ಯಾರೋ ಉಳಿ ಹಿಡಿದು ಕೆತ್ತಿ ಜೋಡಿಸಿದ ಹಾಗೆ ಒಂದಕ್ಕೊಂದು ಅಂಟಿ ನಿಂತಿವೆ. ಸುಮಾರು 6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಆರುತ್ತಾ ಕುಗ್ಗಿತು. ಕುಗ್ಗಿದಾಗ ಬಿರುಕು ಬಿಟ್ಟಿತು. ಒಣಗಿದ ಕೆರೆಯ ಕೆಸರು ಬಿರಿಯುತ್ತದಲ್ಲ, ಹೆಚ್ಚುಕಮ್ಮಿ ಹಾಗೆಯೇ. ವ್ಯತ್ಯಾಸ ಏನೆಂದರೆ, ಇಲ್ಲಿ ಆರುವುದು ನಿಧಾನವಾಗಿ ಒಳಗೊಳಗೆ ಇಳಿದ ಹಾಗೆ ಬಿರುಕೂ ಒಳಕ್ಕೆ ಇಳಿದು ಕಂಬವಾಯಿತು. ಹೆಚ್ಚಿನವಕ್ಕೆ ಆರು ಮುಖ. ಆದರೆ ಐದು, ಏಳು, ಎಂಟು ಮುಖದವೂ ಇವೆ. ನಿಮ್ಮ ಮಗಳನ್ನು ಇಂಥ ಜಾಗದಲ್ಲಿ ಬಿಟ್ಟು "ಆರು ಮುಖ ಇಲ್ಲದ ಕಂಬ ಹುಡುಕು" ಅಂದರೆ ಸಾಕು, ಅರ್ಧ ಗಂಟೆ ನಿಮ್ಮ ಕೈಗೆ ಸಿಗುವುದಿಲ್ಲ.

ಮರಳುಗಲ್ಲಾದರೆ ಇನ್ನೂ ಚೆಂದ. ಅಮೆರಿಕದ ಅರಿಝೋನಾ, ಯೂಟಾ ಕಡೆಯ ಕೆಂಪು ಬಂಡೆಗಳ ಮೇಲೆ ಓರೆಯಾಗಿ ಹರಿದ ಗೆರೆಗಳನ್ನು ಫೋಟೊಗಳಲ್ಲಿ ನೋಡಿರುತ್ತೀರಿ. ಅವು ಹಳೆಯ ಮರಳುಗಾಡಿನ ದಿಬ್ಬಗಳ ಪದರಗಳು. ಗಾಳಿ ಮರಳನ್ನು ದಿಬ್ಬದ ಮೇಲಕ್ಕೆ ತಳ್ಳುತ್ತಿತ್ತು, ಅದು ಆಚೆ ಬದಿಗೆ ಜಾರಿ ಪದರ ಪದರವಾಗಿ ಕೂರುತ್ತಿತ್ತು. ಗೆರೆಗಳು ಯಾವ ಕಡೆಗೆ ಇಳಿಯುತ್ತವೋ ಆ ಕಡೆಗೇ ಗಾಳಿ ಬೀಸುತ್ತಿತ್ತು ಅಂತ ಅರ್ಥ. ಡೈನೋಸಾರ್‌ಗಳ ಕಾಲದ ಗಾಳಿಯ ದಿಕ್ಕನ್ನು ಬೆರಳು ಮಾಡಿ ತೋರಿಸಬಹುದು! ಇದು ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಕಾಣದೆ ಇರುವುದೇ ಇಲ್ಲ. ಆದರೆ ಆ ಮೊದಲ ಸಲಕ್ಕೆ ಪಕ್ಕದಲ್ಲಿ ನಿಂತು ತೋರಿಸುವವರು ಬೇಕು. ಫಲಕ ಓದಿದರೆ ಅಷ್ಟು ಸುಲಭವಾಗಿ ಕಾಣುವುದಿಲ್ಲ.

ಯಾಕೆ ಉಳಿಯಿತು ಅನ್ನುವುದಕ್ಕೆ ಟರ್ಕಿಯ ಕಪಡೋಕಿಯಾ ಒಳ್ಳೆಯ ಪಾಠ. ಅಲ್ಲಿನ ಮೊನಚು ಕಂಬಗಳ ಮೈ ಜ್ವಾಲಾಮುಖಿಯ ಬೂದಿ ಕೂತು ಕಲ್ಲಾದದ್ದು, ಕಲ್ಲಾದರೂ ಬಲು ಮೆದು. ತಲೆಯ ಮೇಲೆ ಮಾತ್ರ ಗಡುಸಾದ ಕಲ್ಲಿನ ಟೊಪ್ಪಿ ಇದೆ. ಮಳೆ ಸುತ್ತಲಿನ ಮೆದು ಕಲ್ಲನ್ನು ಕೊಚ್ಚಿಕೊಂಡು ಹೋದರೂ ಟೊಪ್ಪಿಯ ಕೆಳಗಿದ್ದಷ್ಟು ಉಳಿಯಿತು. ಟೊಪ್ಪಿ ಜಾರಿ ಬಿದ್ದರೆ ಕಂಬದ ಆಯಸ್ಸು ಮುಗಿಯುತ್ತಾ ಬಂತು ಅಂತಲೇ ಲೆಕ್ಕ. ಟೊಪ್ಪಿ ಇರುವ ಕಂಬ, ಕಳೆದುಕೊಂಡ ಕಂಬ, ಸವೆದು ಗುಡ್ಡೆಯಾದ ಕಂಬ ಇವು ಒಂದೇ ನೋಟದಲ್ಲಿ ಸಿಗುವ ಜಾಗಕ್ಕೆ ಕರೆದೊಯ್ದು ನಿಲ್ಲಿಸುವುದು ಗೈಡಿನ ಕೆಲಸ.

ಇನ್ನು ಬೀಳುವ ಮಾತು. ಜನ ಬಂಡೆ ಅಂದರೆ ಶಾಶ್ವತ ಅಂದುಕೊಳ್ಳುತ್ತಾರೆ. ಮಾಲ್ಟಾದ ಅಝೂರ್ ವಿಂಡೋ ಅನ್ನುವ ಸಮುದ್ರದ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಗುರುತೇ ಇಲ್ಲದಂತಾಯಿತು. ಯೂಟಾದ ಆರ್ಚಸ್ ರಾಷ್ಟ್ರೀಯ ಉದ್ಯಾನದ ವಾಲ್ ಆರ್ಚ್ 2008ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ಬಿತ್ತು. ಆಸ್ಟ್ರೇಲಿಯಾದ ವಿಕ್ಟೋರಿಯಾ ಕರಾವಳಿಯಲ್ಲಿ ಎರಡು ಕಮಾನಿನ ಬಂಡೆಯೊಂದಿತ್ತು, ಹೆಸರು ಲಂಡನ್ ಬ್ರಿಡ್ಜ್. 1990ರ ಜನವರಿಯಲ್ಲಿ ದಡದ ಕಡೆಯ ಕಮಾನು ಕುಸಿಯಿತು. ಆಚೆ ತುದಿಯಲ್ಲಿದ್ದ ಇಬ್ಬರು ಪ್ರವಾಸಿಗರು ಸಮುದ್ರದ ನಡುವೆ ಸಿಕ್ಕಿಬಿದ್ದರು, ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಎಲ್ಲರಿಗೂ ಆ ಪುಣ್ಯ ಇರುವುದಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಗೈಡ್ ಇರಬೇಕು ಅನ್ನುವುದಕ್ಕೆ ನನ್ನ ದೊಡ್ಡ ಕಾರಣ ಇದೇ. ಅರಿಝೋನಾದಲ್ಲಿ ಆಂಟಿಲೋಪ್ ಕ್ಯಾನ್ಯನ್ ಅಂತ ಇದೆ. ಮರಳುಗಲ್ಲಿನಲ್ಲಿ ನೀರು ಕೊರೆದ ಇಕ್ಕಟ್ಟಾದ ಸೀಳು. ಕೆಲವು ಕಡೆ ಎರಡೂ ಗೋಡೆಗೆ ಕೈ ತಾಗುತ್ತದೆ. 1997ರ ಆಗಸ್ಟ್ 12ರಂದು ಅದರ ಲೋವರ್ ಭಾಗದಲ್ಲಿ ಹಠಾತ್ ಪ್ರವಾಹಕ್ಕೆ ಸಿಕ್ಕಿ 11 ಪ್ರವಾಸಿಗರು ಸತ್ತರು. ಅವರು ನಿಂತಿದ್ದ ಕಡೆ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ. ಮಳೆ ಬಿದ್ದದ್ದು ಮೈಲುಗಟ್ಟಲೆ ಮೇಲೆ. ಆ ನೀರು ಇದೇ ಸೀಳಿಗೆ ಇಳಿಯಿತು. ಈಗ ಅಲ್ಲಿಗೆ ಗೈಡ್ ಇಲ್ಲದೆ ಯಾರನ್ನೂ ಬಿಡುವುದಿಲ್ಲ. ತಲೆಯ ಮೇಲೆ ನೀಲಿ ಆಕಾಶ ಇದ್ದಾಗಲೂ "ಇವತ್ತು ಬೇಡ" ಅನ್ನಬಲ್ಲ ಒಬ್ಬರು ಬೇಕಾಗುವುದು ಇಂಥ ಜಾಗದಲ್ಲಿ.

ದೋಣಿಯಲ್ಲಿ ಬಂಡೆ ನೋಡುವ ಟೂರಾದರೆ ಇನ್ನೊಂದು ಎಚ್ಚರ. 2022ರ ಜನವರಿ 8ರಂದು ಬ್ರೆಜಿಲ್‌ನ ಕಾಪಿಟೋಲಿಯೊದಲ್ಲಿ ಸರೋವರದ ಅಂಚಿನ ಬಂಡೆಗೋಡೆಯಿಂದ ದೊಡ್ಡ ಕಂಬದಂಥ ಕಲ್ಲು ಕಳಚಿ ಪ್ರವಾಸಿ ದೋಣಿಗಳ ಮೇಲೆ ಬಿತ್ತು. ಹತ್ತು ಜನ ಸತ್ತರು. ಅಲ್ಲಿ ಅದಕ್ಕೂ ಮುಂಚೆ ಜೋರು ಮಳೆಯಾಗಿತ್ತು. ಮಳೆಯಾದ ಮೇಲೆ ಬಿರುಕುಗಳಲ್ಲಿ ನೀರು ತುಂಬಿರುತ್ತದೆ, ಕಲ್ಲು ಕಳಚುವುದು ಆಗಲೇ ಜಾಸ್ತಿ. ದೋಣಿಯವರು ಗೋಡೆಗೆ ತೀರಾ ಹತ್ತಿರ ಒಯ್ದು ನಿಲ್ಲಿಸಿದರೆ "ಸ್ವಲ್ಪ ಹಿಂದಕ್ಕೆ ತಗೊಳ್ಳಿ" ಅನ್ನಲು ನಾಚಿಕೆ ಬೇಡ. ನಡೆದು ಹೋದಾಗಲೂ ಅಷ್ಟೇ. ಮುಂಚಾಚಿದ ಬಂಡೆಯ ನೆರಳು ತಂಪಾಗಿದೆ ಅಂತ ಅದರ ಕೆಳಗೇ ಬುತ್ತಿ ಬಿಚ್ಚಿ ಕೂರಬೇಡಿ. ಕೆಳಗೆ ಹೊಸದಾಗಿ ಒಡೆದ, ಅಂಚು ಚೂಪಾಗಿರುವ ಕಲ್ಲುಗಳಿದ್ದರೆ ಅವು ಎಲ್ಲಿಂದ ಬಂದವು ಅಂತ ತಲೆಯೆತ್ತಿ ನೋಡಿ.

ಹಾಗಾಗಿ ಬುಕ್ ಮಾಡುವಾಗ ಎರಡನೆಯ ಪ್ರಶ್ನೆ ಇದು: "ಹವಾಮಾನ ಕೆಟ್ಟರೆ ಬೇಡ ಅನ್ನುವವರು ಯಾರು? ಗೈಡಾ, ಆಫೀಸಾ?" ದುಡ್ಡು ವಾಪಸ್ ಕೊಡಬೇಕಾಗುತ್ತದೆ ಅಂತ ಆಫೀಸಿನವರು ಗೈಡಿನ ಬಾಯಿ ಕಟ್ಟುವುದುಂಟು. ಟೂರ್ ನಿಂತುಹೋದರೆ ಏನು ಮಾಡುತ್ತಾರೆ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಆಮೇಲೆ ಗೈಡ್ ಬೇಡ ಅಂದ ದಿನ ಜಗಳ ಆಡಬೇಡಿ. ಬಿಸಿಲಿಗೂ ಇದೇ ಮಾತು. ಆಸ್ಟ್ರೇಲಿಯಾದ ಕಾಟಾ ಟ್ಯೂಟಾ ಬಂಡೆಗಳ ನಡುವಿನ ಉದ್ದದ ದಾರಿಯನ್ನು, ಅವತ್ತಿನ ಬಿಸಿಲು 36 ಡಿಗ್ರಿ ಮುಟ್ಟುವ ಮುನ್ಸೂಚನೆ ಇದ್ದರೆ, ಬೆಳಗ್ಗೆ 11ಕ್ಕೆಲ್ಲ ಅರ್ಧದಲ್ಲೇ ಮುಚ್ಚುತ್ತಾರೆ. ಬಂಡೆ ತಾನೂ ಕಾದು ಸುತ್ತಲೂ ಶಾಖ ಚೆಲ್ಲುತ್ತದೆ. ಅಂಥ ಕಡೆ ಬಿಸಿಲಲ್ಲಿ ನಡೆಯುವಾಗ ಕುಡಿಯಲು ಒಬ್ಬೊಬ್ಬರಿಗೆ ಗಂಟೆಗೊಂದು ಲೀಟರ್ ನೀರು ಇಟ್ಟುಕೊಳ್ಳಿ ಅಂತಾರೆ. ಚಿಕ್ಕ ಬಾಟಲಿ ಹಿಡಿದು ಬರುವವರನ್ನು ನೋಡಿದರೆ ಈಗಲೂ ನನಗೆ ಎದೆ ಝಲ್ ಅನ್ನುತ್ತದೆ.

ಅಮ್ಮನ ಮಂಡಿಯ ವಿಷಯ. ಟೂರಿನವರನ್ನು "ಕಷ್ಟ ಇದೆಯಾ" ಅಂತ ಕೇಳಬೇಡಿ. ಇಪ್ಪತ್ತೈದರ ಹುಡುಗ ಫೋನ್ ಎತ್ತಿದರೆ "ಏನೂ ಕಷ್ಟ ಇಲ್ಲ" ಅಂತಾನೆ, ಅವನಿಗೆ ಇಲ್ಲ ಕೂಡ. ಎಷ್ಟು ಮೆಟ್ಟಿಲು, ಕಂಬಿ ಇದೆಯಾ, ನೆಲ ಗಟ್ಟಿಯೋ ಮರಳೋ, ಬಂದ ದಾರಿಯಲ್ಲೇ ವಾಪಸ್ ಬರಬಹುದಾ ಅಂತ ಕೇಳಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಇಳಿಯುವ ಭಾಗ ದಿನದ ಕೊನೆಗೆ, ಕಾಲು ಸೋತಿರುವಾಗ ಬಂದರೆ ಇನ್ನೂ ಕಷ್ಟ. ಒಂದೇ ಹೆಸರಿನ ಜಾಗದಲ್ಲೂ ಎಷ್ಟು ವ್ಯತ್ಯಾಸ ಇರುತ್ತದೆ ನೋಡಿ. ಆಂಟಿಲೋಪ್ ಕ್ಯಾನ್ಯನ್ನಿನ ಲೋವರ್ ಭಾಗಕ್ಕೆ ಕಡಿದಾದ ಕಬ್ಬಿಣದ ಮೆಟ್ಟಿಲಲ್ಲಿ ಇಳಿಯಬೇಕು. ಅಪ್ಪರ್ ಭಾಗದ ಒಳದಾರಿ ಬಹುಪಾಲು ಮಟ್ಟಸ. ಗ್ರೀಸಿನ ಮೆಟಿಯೊರಾದಲ್ಲಿ ಬಂಡೆಗಳ ನೆತ್ತಿಯ ಮೇಲೆ ಮಠಗಳಿವೆ. ಹೆಚ್ಚಿನವಕ್ಕೆ ಮೆಟ್ಟಿಲು ಹತ್ತಿ ಸುಸ್ತಾಗುತ್ತದೆ, ಸೇಂಟ್ ಸ್ಟೀಫನ್ ಮಠಕ್ಕೆ ಮಾತ್ರ ರಸ್ತೆಯಿಂದ ಸಣ್ಣ ಸೇತುವೆ ದಾಟಿದರೆ ಸಾಕು. ಇಂಥದ್ದು ಒಂದಾದರೂ ಎಲ್ಲಾ ಕಡೆ ಇರುತ್ತದೆ, ಕೇಳಿದವರಿಗೆ ಮಾತ್ರ ಹೇಳುತ್ತಾರೆ.

ಅಮ್ಮನ ಕೈಗೆ ಉದ್ದ ಹೆಚ್ಚುಕಮ್ಮಿ ಮಾಡಬಹುದಾದ ನಡಿಗೆ ಕೋಲು ಕೊಡಿ, ಒಂದಲ್ಲ, ಎರಡು. ಇಳಿಯುವಾಗ ಕೋಲಿನ ಉದ್ದ ಸ್ವಲ್ಪ ಜಾಸ್ತಿ ಮಾಡಿ. ಸಮುದ್ರದ ಪಕ್ಕದ ಬಂಡೆಯಾದರೆ ನೀರಿನ ಅಂಚಿಗೆ ಕಪ್ಪಗೆ ಕಾಣುವ ಪಟ್ಟಿ ಇರುತ್ತದೆ. ಅದು ಪಾಚಿ, ಒಣಗಿದಂತೆ ಕಂಡರೂ ಜಾರುತ್ತದೆ. ಅದರ ಮೇಲೆ ಅಮ್ಮ ಮಾತ್ರ ಅಲ್ಲ, ನೀವೂ ಕಾಲಿಡಬೇಡಿ.

ಇನ್ನೊಂದು ಸಣ್ಣ ಉಪಾಯ ಇದೆ. ಹನ್ನೆರಡು ಜನ ಕಿರಿದಾದ ದಾರಿಯಲ್ಲಿ ಸಾಲಾಗಿ ಹೊರಟರೆ ಸಾಲು ಉದ್ದವಾಗುತ್ತದೆ. ನಿಧಾನದವರು ಹಿಂದೆ ಬೀಳುತ್ತಾರೆ, ಗೈಡ್ ಹೇಳಿದ್ದು ಅವರಿಗೆ ಕೇಳುವುದಿಲ್ಲ. ಅವರು ಬಂದು ಮುಟ್ಟಿದ ಕೂಡಲೇ ಉಳಿದವರು ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಇಲ್ಲ! ಶುರುವಿನಲ್ಲೇ ಗೈಡ್ ಹತ್ತಿರ ಹೇಳಿ, "ನಮ್ಮ ಅಮ್ಮ ನಿಮ್ಮ ಹಿಂದೆಯೇ ನಡೀತಾರೆ" ಅಂತ. ಮುಂದಿರುವವರು ನಿಧಾನ ಆದರೆ ಇಡೀ ಸಾಲು ತಾನಾಗಿಯೇ ನಿಧಾನ ಆಗುತ್ತದೆ. ಇದಕ್ಕೆ ಮುಖ ಸಿಂಡರಿಸುವ ಗೈಡನ್ನು ನಾನು ಹೆಚ್ಚು ನೋಡಿಲ್ಲ. ಅಂದ ಹಾಗೆ, "ಸಣ್ಣ ಗುಂಪು" ಅನ್ನುವುದಕ್ಕೆ ಇಷ್ಟೇ ಜನ ಅಂತ ಗೆರೆ ಇಲ್ಲ. ಎಂಟು ಜನಕ್ಕೂ ಅದೇ ಹೆಸರು, ಇಪ್ಪತ್ತಕ್ಕೂ ಅದೇ ಹೆಸರು. ನನ್ನ ಅನುಭವದಲ್ಲಿ ಎಂಟರವರೆಗೆ ಮಾತುಕತೆ ಇರುತ್ತದೆ, ಹನ್ನೆರಡು ದಾಟಿದರೆ ಭಾಷಣ ಶುರುವಾಗುತ್ತದೆ.

ಬೆಳಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಯಲಲ್ಲಿ ನಿಂತ ಬಂಡೆಯನ್ನು ನಡುಮಧ್ಯಾಹ್ನ ನೋಡಿದರೆ ಸಪ್ಪೆ. ನೆರಳು ಇರುವುದಿಲ್ಲ, ಮೈಯ ಉಬ್ಬುತಗ್ಗು ಕಾಣುವುದಿಲ್ಲ. ಬೆಳಗ್ಗೆ, ಸಂಜೆ ಓರೆ ಬಿಸಿಲಿಗೆ ಅದೇ ಬಂಡೆ ಎದ್ದು ಬರುತ್ತದೆ. ಇಕ್ಕಟ್ಟಾದ ಸೀಳಿನ ಒಳಗೆ ಮಾತ್ರ ಇದು ತಿರುಗುಮುರುಗು. ಸೂರ್ಯ ನೆತ್ತಿಗೆ ಬಂದಾಗಲೇ ಬೆಳಕು ತಳಕ್ಕೆ ಇಳಿಯುವುದು. ಟೂರಿನವರು ಯಾವ ಜಾಗಕ್ಕೆ ಎಷ್ಟು ಹೊತ್ತಿಗೆ ಹೋಗುತ್ತಾರೆ ಅಂತ ನೋಡಿದರೆ ಅವರಿಗೆ ಕಲ್ಲು ಗೊತ್ತಾ ಇಲ್ಲ ಬರೀ ರಸ್ತೆ ಗೊತ್ತಾ ಅನ್ನುವುದು ತಿಳಿದುಬಿಡುತ್ತದೆ.

ನಿಮ್ಮದೇ ಕಾರಿನಲ್ಲಿ ಹೋಗಬಹುದಾ? ಡಾಂಬರು ರಸ್ತೆ ಇದ್ದು, ದಾರಿಗೆ ಸರಿಯಾದ ಫಲಕ ಇದ್ದು, ಒಂದೋ ಎರಡೋ ಜಾಗ ಸಾಕು ಅಂದರೆ ಖಂಡಿತ ಹೋಗಿ. ಅಮ್ಮನಿಗೆ ಸುಸ್ತಾದಾಗ ವಾಪಸ್ ಬರಬಹುದು. ಆದರೆ ಇಕ್ಕಟ್ಟಿನ ಕಣಿವೆ, ಉಬ್ಬರ ಇಳಿತ ನೋಡಿಕೊಂಡು ದಾಟಬೇಕಾದ ಕಡಲತೀರ, ಮರಳಿನ ದಾರಿ, ಪರವಾನಗಿ ಬೇಕಾದ ಜಾಗ ಇವಕ್ಕೆ ಗೈಡ್ ಇಲ್ಲದೆ ಬೇಡ. ಅರಿಝೋನಾ-ಯೂಟಾ ಗಡಿಯ "ದಿ ವೇವ್" ಅನ್ನುವ ಬಂಡೆಗೆ ದಿನಕ್ಕೆ 64 ಜನಕ್ಕೆ ಮಾತ್ರ, ಅದೂ ಲಾಟರಿಯಲ್ಲಿ, ಪರವಾನಗಿ ಸಿಗುತ್ತದೆ. ಸುಮ್ನೆ ಹೋಗಿ ನೋಡೋಣ ಅಂತ ಹೊರಟರೆ ಆಗುವ ಮಾತಲ್ಲ.

ನಿಮ್ಮ ಮೂವರಿಗೆ ನನ್ನ ಸಲಹೆ ಇಷ್ಟು. ಈ ಎಂಟು ಜಾಗದ ಟೂರ್ ಬಿಡಿ. ಅರ್ಧ ದಿನದ್ದು, ಎರಡು ಅಥವಾ ಮೂರು ಜಾಗದ್ದು ಹುಡುಕಿ. ಮುಂಜಾನೆ ಹೊರಡುವುದಾದರೆ ಇನ್ನೂ ಒಳ್ಳೆಯದು. ಮಧ್ಯಾಹ್ನ ಅಮ್ಮ ಮಲಗಲಿ. ಸಂಜೆ ಬೆಳಗ್ಗಿನ ಜಾಗಗಳಲ್ಲೇ ರಸ್ತೆ ಪಕ್ಕದ್ದೊಂದಕ್ಕೆ ನೀವೇ ಕಾರಿನಲ್ಲಿ ಮತ್ತೆ ಹೋಗಿ ಕೂತುಕೊಳ್ಳಿ. ಗೈಡ್ ಹೇಳಿದ್ದು ನೆನಪಿರುತ್ತದೆ, ಬೆಳಕು ಬದಲಾಗಿರುತ್ತದೆ, ಬೇಗ ಹತ್ತಿ ಅನ್ನುವವರು ಯಾರೂ ಇರುವುದಿಲ್ಲ.

ಮಗಳಿಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಮಸೂರ ಕೊಡಿಸಿ, ಕುತ್ತಿಗೆಗೆ ದಾರದಲ್ಲಿ ಕಟ್ಟಿ. ಮರಳುಗಲ್ಲಿನ ಒಂದೊಂದು ಕಣವೂ ಅದರಲ್ಲಿ ಕಾಣುತ್ತದೆ. ಗೀಚುವುದು, ಕಲ್ಲಿನ ಮೇಲೆ ಕಲ್ಲು ಪೇರಿಸುವುದು ಬೇಡ ಅಂತ ಮೊದಲೇ ಹೇಳಿ. ಯೂಟಾದ ಗಾಬ್ಲಿನ್ ವ್ಯಾಲಿಯಲ್ಲಿ 2013ರಲ್ಲಿ ಇಂಥ ಒಂದು ಬಂಡೆಯನ್ನು ತಳ್ಳಿ ಉರುಳಿಸಿದವರು ದೊಡ್ಡವರೇ, ಆ ವಿಡಿಯೊ ಎಲ್ಲೆಡೆ ಹರಿದಾಡಿ ವಿಷಯ ಕೋರ್ಟಿನವರೆಗೂ ಹೋಯಿತು.

ಅವಳು ಒಂದು ಚೂರು ಕಲ್ಲು ಮನೆಗೆ ತರಬಹುದಾ ಅಂತ ಕೇಳೇ ಕೇಳುತ್ತಾಳೆ. ಆಗ ಉಲುರುವಿನ ಕಥೆ ಹೇಳಿ. ಆಸ್ಟ್ರೇಲಿಯಾದ ನಡುಮಧ್ಯೆ ಇರುವ ಆ ಒಂಟಿ ಬಂಡೆಯ ಎತ್ತರ 348 ಮೀಟರ್. ಅದರ ಮೂಲ ಒಡೆಯರಾದ ಅನಂಗು ಜನರಿಗೆ ಅದು ಪವಿತ್ರ. ಅದನ್ನು ಹತ್ತುವುದನ್ನು 2019ರ ಅಕ್ಟೋಬರ್ 26ರಿಂದ ನಿಲ್ಲಿಸಿದ್ದಾರೆ. ಅಲ್ಲಿಂದ ಚೂರು ಕಲ್ಲು ಎತ್ತಿಕೊಂಡು ಹೋದವರು ಆಮೇಲೆ ಮನಸ್ಸು ಕೊರೆದು, ತಪ್ಪಾಯಿತು ಅಂತ ಚೀಟಿ ಬರೆದು ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಅಂಥ ಪಾರ್ಸೆಲ್‌ಗಳು ದೂರದೂರದ ದೇಶಗಳಿಂದ ಬರುತ್ತವೆ. ಅಲ್ಲಿನ ಸಿಬ್ಬಂದಿ ಆ ಕಲ್ಲುಗಳಿಗೆ ಒಂದು ಹೆಸರೂ ಇಟ್ಟಿದ್ದಾರೆ: "ಸಾರಿ ಕಲ್ಲುಗಳು".